ಹಿಂದಕ್ಕೆ ಓಡಿಸಿದ ಜಗಳ

ನಾನು ಶಿಡ್ಲಘಟ್ಟದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೆದುಳಿನ ಅಧ್ಯಾಯ ಬಂದಾಗ ನನಗೆ ಮೈಮೇಲೆ ಬಂದ ಹಾಗಾಗುತ್ತದೆ. ತಲೆಯೊಳಗೆ ಹಿಪ್ಪೊಕ್ಯಾಂಪಸ್ ಅಂತ ಒಂದು ಪುಟ್ಟ ಭಾಗವಿದೆ, ಕಡಲಕುದುರೆಯ ಹಾಗೆ ಬಾಗಿಕೊಂಡಿರುತ್ತದೆ, ದಿನವಿಡೀ ನಡೆದದ್ದರಲ್ಲಿ ಯಾವುದನ್ನು ಮತ್ತೆ ಮತ್ತೆ ಓಡಿಸಿ ಉಳಿಸಿಕೊಳ್ಳಬೇಕು ಅಂತ ಆರಿಸುವುದರಲ್ಲಿ ಅದರ ಪಾತ್ರ ದೊಡ್ಡದು ಅಂತ ಶುರುಮಾಡಿದರೆ, ಗಂಟೆ ಹೊಡೆದದ್ದೂ ನನಗೆ ಕೇಳಿಸುವುದಿಲ್ಲ. ಮಕ್ಕಳಿಗೆ ಕೇಳಿಸುತ್ತದೆ.

ಇಲಿಯ ಕಥೆಯನ್ನು ನಾನು ತಪ್ಪದೆ ಹೇಳುತ್ತೇನೆ. ಇಲಿ ಒಂದು ದಾರಿಯಲ್ಲಿ ಓಡಿಹೋಗಿ ತಿಂಡಿ ತಿಂದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ಆಗ, ಓಡುವಾಗ ಮಿಡಿದಿದ್ದ ಜೀವಕೋಶಗಳೇ ಮತ್ತೆ ಸರಸರನೆ ಮಿಡಿಯುತ್ತವೆ. ಎಷ್ಟೋ ಸಲ ಹಿಂದುಮುಂದಾಗಿ, ತಿಂಡಿ ಸಿಕ್ಕ ಜಾಗದಿಂದ ಹೊರಟ ಜಾಗಕ್ಕೆ. ಹೀಗೆ ಎಚ್ಚರದಲ್ಲಿ ಗುರುತು ಬಿದ್ದ ಸಂಗತಿಗಳೇ ನಿದ್ದೆಯಲ್ಲೂ ಹೆಚ್ಚಾಗಿ ಓಡುತ್ತವೆ. ಬಾಯಿಗೆ ರುಚಿಯಾದದ್ದು, ಎದೆ ನಡುಗಿಸಿದ್ದು, ಹೊಸದಾಗಿ ಕಂಡದ್ದು, ಇವಕ್ಕೆ ಮೊದಲ ಪಾಳಿ. ದಿನಾ ಮಾಡುವ ಸಪ್ಪೆ ಕೆಲಸಗಳನ್ನು ಯಾರೂ ಕೇಳುವುದಿಲ್ಲ.

ನನ್ನ ಹಿಪ್ಪೊಕ್ಯಾಂಪಸ್ಸಿಗೆ ಮಾತ್ರ ಬೇರೆ ಕೆಲಸವೇ ಇಲ್ಲ. ಕಣ್ಣು ಮುಚ್ಚಿದರೆ ಸಾಕು, ಮದುವೆಯಾಗಿ ಬಂದ ವಾರ ನೆಂಟರಿಗೆಲ್ಲ ನಾನು ಉಪ್ಪು ಹಾಕದೆ ಬಡಿಸಿದ ಸಾರನ್ನು ತೆಗೆದು ಮುಂದಿಡುತ್ತದೆ. ಸಾಲಾಗಿ ಎಲೆ, ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದಾರೆ, ಒಬ್ಬರೂ ಮಾತಾಡುತ್ತಿಲ್ಲ. ಇಷ್ಟು ವರ್ಷದ ಮೇಲೂ ಕಿವಿ ಬಿಸಿಯಾಗುತ್ತದೆ. ಮನೆಯಲ್ಲಿ ಮಿಕ್ಕವರೆಲ್ಲ ಅದನ್ನು ಮರೆತಿದ್ದಾರೆ ಅನ್ನುವುದೊಂದೇ ನನ್ನ ಸಮಾಧಾನವಾಗಿತ್ತು.

ನಮ್ಮದು ಶಿಡ್ಲಘಟ್ಟಕ್ಕೆ ಅಂಟಿಕೊಂಡ ಹಳ್ಳಿ. ನನ್ನ ಅತ್ತೆ ರೇಷ್ಮೆಹುಳ ಸಾಕುತ್ತಾರೆ. ಮಾವ ಹೋದ ಮೇಲೂ ನಿಲ್ಲಿಸಲಿಲ್ಲ. ಹುಳುಮನೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ, ಪೌಡರ್ ಹಾಕಿಕೊಂಡು ಹೋಗುವಂತಿಲ್ಲ, ಊದಿನಕಡ್ಡಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯ ಮಾತಂತೂ ಎತ್ತುವಂತಿಲ್ಲ. ಬೆಳೆ ನಡೆಯುವಷ್ಟು ದಿನ, ಅಂದರೆ ಮರಿಹುಳ ತಂದಂದಿನಿಂದ ಗೂಡು ಬಿಡಿಸುವವರೆಗೆ, ನಮ್ಮ ಮನೆಯಲ್ಲಿ ಹುಳಕ್ಕೆ ಸೊಪ್ಪಿನೂಟ, ಸೊಳ್ಳೆಗಳಿಗೆ ನಮ್ಮ ರಕ್ತದೂಟ, ಮನುಷ್ಯರಿಗೆ ಉಪ್ಪಿಟ್ಟು.

ಇದರ ಜೊತೆಗೆ ಅತ್ತೆಯದೇ ಒಂದು ಕಟ್ಟಳೆ ಇದೆ. ಹುಳ ಹಣ್ಣಾದ ದಿನ, ಅಂದರೆ ಮೇಯುವುದು ಬಿಟ್ಟು ಮೈಯೆಲ್ಲ ಹೊಳಪಾಗಿ ಗೂಡು ಕಟ್ಟಲು ತಯಾರಾದ ದಿನ, ಅವುಗಳನ್ನು ಆರಿಸುವ ಕೈಯಲ್ಲಿ ಚಿನ್ನ ಇರಬಾರದು. ಬಳೆ ತಗುಲಿದರೆ ಹುಳದ ಚರ್ಮ ಒಡೆಯುತ್ತದೆ ಅನ್ನುತ್ತಾರೆ. ಬಿಚ್ಚಿದ ಬಳೆ ಮತ್ತೆ ಕೈಗೆ ಏರುವುದು ಗೂಡು ಬಿಡಿಸಿ ಮಾರುಕಟ್ಟೆಗೆ ಹೊರಡುವ ಬೆಳಿಗ್ಗೆಯೇ. ಅಲ್ಲಿಯವರೆಗೆ ಅವು ಒಂದು ಸ್ಟೀಲ್ ಡಬ್ಬಿಯಲ್ಲಿ, ಆ ಡಬ್ಬಿ ರಾಗಿ ಡ್ರಮ್ಮಿನ ಒಳಗೆ. ಆ ಎರಡು ಬಳೆ ಮದುವೆಯವಲ್ಲ. ಅತ್ತೆ ತಾವೇ ಸಾಕಿದ ಮೊದಲ ಒಳ್ಳೆ ಬೆಳೆಯಲ್ಲಿ ಮಾವ ಚಿಂತಾಮಣಿಯಲ್ಲಿ ಮಾಡಿಸಿಕೊಟ್ಟವು. ನಮ್ಮ ಮನೆಯಲ್ಲಿ ಅವುಗಳಿಗೆ ಹುಳದ ಬಳೆ ಅಂತಲೇ ಹೆಸರು.

ಹೋದ ಬೆಳೆಯಲ್ಲಿ, ಗೂಡು ಮಾರುಕಟ್ಟೆಗೆ ಹೋಗಬೇಕಾದ ಬೆಳಿಗ್ಗೆ, ಅತ್ತೆ ರಾಗಿ ಡ್ರಮ್ಮಿಗೆ ಮೊಳಕೈವರೆಗೆ ಕೈ ಹಾಕಿದರು. ಆಮೇಲೆ ಭುಜದವರೆಗೆ ಹಾಕಿದರು. ಕೊನೆಗೆ ಡ್ರಮ್ಮನ್ನೇ ಬಗ್ಗಿಸಿ ಹಜಾರದ ತುಂಬ ರಾಗಿ ಸುರಿದೆವು. ಡಬ್ಬಿ ಇರಲಿಲ್ಲ.

"ಇಲ್ಲೇ ಇಟ್ಟಿದ್ದೆ ಕಣಮ್ಮ," ಅಂದರು ಅತ್ತೆ. "ನನ್ ಕೈಯಾರೆ ಇಟ್ಟಿದ್ದೆ."

ಮನೆಯೆಲ್ಲ ಹುಡುಕಿದೆವು. ಅಕ್ಕಿ ಮೂಟೆ, ಬೀರು, ದೇವರ ಗೂಡು, ಹುಳುಮನೆಯ ಸುಣ್ಣದ ಪುಡಿಯ ಚೀಲ, ಯಾವುದನ್ನೂ ಬಿಡಲಿಲ್ಲ. ನನ್ನ ಗಂಡ ಚಿಂತಾಮಣಿಯ ಒಂದು ಬ್ಯಾಂಕಿನಲ್ಲಿದ್ದಾರೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, "ಲಾಕರಲ್ಲಿ ಇಡಮ್ಮ ಅಂತ ಬಡ್ಕೊಂಡೆ," ಅಂದರು. ಅವರು ಹುಡುಕಿದ್ದು ಅಷ್ಟೇ.

ಅಷ್ಟಕ್ಕೇ ಬಿಡಲಿಲ್ಲ. ಮೋಟರ್ ಆಫ್ ಮಾಡುವುದನ್ನು ಅತ್ತೆ ಮರೆತದ್ದು, ನನ್ನನ್ನು ಒಂದು ಸಲ ಅವರ ತಂಗಿಯ ಹೆಸರಿನಿಂದ ಕರೆದದ್ದು, ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದು, ಎಲ್ಲ ಲೆಕ್ಕಕ್ಕೆ ಬಂತು. ಸಂಜೆ ಕಾಫಿ ಕುಡಿಯುವಾಗ ತೀರ್ಪು ಕೊಟ್ಟರು. "ಚಿಕ್ಕಬಳ್ಳಾಪುರದಲ್ಲಿ ಒಬ್ರು ನರದ ಡಾಕ್ಟ್ರು ಇದಾರೆ. ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಅವರು ಮರೆವಿನ ಕಾಯಿಲೆ ಅಂದ್ರೆ ಮುಗೀತು, ಇದೇ ಕೊನೇ ಬೆಳೆ. ಹುಳುಮನೇಲಿ ಹೀಟರ್ ಇರ್ತದೆ, ಕರೆಂಟ್ ಇರ್ತದೆ. ಒಂದಿನ ಮರೆತ್ರೆ ಏನ್ ಗತಿ?"

ಅವರಿಗೆ ನಿಜವಾಗಿ ಭಯವಾಗಿತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಅತ್ತೆಯನ್ನು ನೋಡಿ ನನಗೆ ಅದಕ್ಕಿಂತ ಹೆಚ್ಚು ಭಯವಾಯಿತು. ಯಾವ ಮಾತಿಗೂ ಎರಡು ಮಾತು ಆಡುವ ಹೆಂಗಸು ಅರ್ಧ ಕುಡಿದ ಕಾಫಿ ಬಿಟ್ಟು ಎದ್ದು, ಖಾಲಿ ಹುಳುಮನೆಗೆ ಹೋಗಿ, ಅಲ್ಲೇ ಬಾಗಿಲ ಹತ್ತಿರ ಕೂತರು. ಒಳಗೆ ಹುಳವೇ ಇರಲಿಲ್ಲ, ಆದರೂ ಕಾಲು ತೊಳೆದುಕೊಂಡೇ ಹೋದರು.

ಹುಳದ ವಾಸನೆಗೆ ಮೂಗು ಮುಚ್ಚಿಕೊಂಡು ನಾನು ಶಾಪ ಹಾಕಿದ ದಿನಗಳಿಗೆ ಲೆಕ್ಕವಿಲ್ಲ. ಆದರೂ ಅತ್ತೆಯ ಕೈಯಿಂದ ಹುಳ ಕಿತ್ತುಕೊಳ್ಳುತ್ತಾರೆ ಅಂದಾಗ ನನಗೆ ಅದು ಒಪ್ಪಿಗೆಯಾಗಲಿಲ್ಲ. ಇಡೀ ದಿನ ಮನೆಯಲ್ಲಿ ಖಾಲಿ ಕೂತರೆ ಅವರು ನನ್ನ ಅಡುಗೆಯ ಕಡೆ ಪೂರ್ತಿ ಗಮನ ಕೊಡುತ್ತಾರೆ ಅನ್ನುವ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೋಗಿ ಪಕ್ಕದಲ್ಲಿ ಕೂತೆ. "ಅತ್ತೆ, ಹುಳ ಹಣ್ಣಾದ ದಿನ ಏನೇನಾಯ್ತು, ಮೊದಲಿಂದ ಹೇಳಿ," ಅಂದೆ.

"ಬೆಳಿಗ್ಗೆ ಎದ್ದೆ. ಹುಳ ನೋಡ್ದೆ. ಎಲ್ಲಾ ಒಟ್ಟಿಗೇ ಹಣ್ಣಾಗ್ಬಿಟ್ಟಿದ್ವು. ಚಂದ್ರಿಕೆ ಸಾಲಲ್ಲ ಅಂತ ಅವಳ ಹತ್ರ ಕೇಳ್ಕಳಿಸ್ದೆ. ಬಂದ್ಳು ನೋಡು ಮಾರಾಯ್ತಿ." ಅಲ್ಲಿಗೆ ಅತ್ತೆಯ ಬೆನ್ನು ನೆಟ್ಟಗಾಯಿತು, ಕಣ್ಣಿಗೆ ಜೀವ ಬಂತು. ಬಳೆ ಎಲ್ಲೋ ಹೋಯಿತು, ಜಗಳ ಬಂತು.

ಅವಳು ಅಂದರೆ ಅತ್ತೆಯ ವಾರಗಿತ್ತಿ, ಮಾವನ ತಮ್ಮನ ಹೆಂಡತಿ, ನನಗೆ ಚಿಕ್ಕತ್ತೆ. ಎರಡೂ ಮನೆಯ ನಡುವೆ ಒಂದೇ ಗೋಡೆ. ಚಂದ್ರಿಕೆ ಅಂದರೆ ಹಣ್ಣು ಹುಳ ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟಿ. ಹೋದ ಸಲ ಎರವಲು ತಂದ ಚಂದ್ರಿಕೆಯನ್ನು ಅತ್ತೆ ಸರಿಯಾಗಿ ತೊಳೆಯದೆ ವಾಪಸ್ ಕೊಟ್ಟರು ಅನ್ನುವುದು ಚಿಕ್ಕತ್ತೆಯ ದೂರು. ಜಗಳ ಅಲ್ಲಿಂದ ಎದ್ದು, ಇಬ್ಬರೂ ಕನ್ನಡ ಬಿಟ್ಟು ತೆಲುಗಿಗೆ ಇಳಿದಿದ್ದರು. ನಮ್ಮ ಕಡೆ ದೇವರಿಗೆ, ಸ್ಕೂಲಿಗೆ, ಸರ್ಕಾರಕ್ಕೆ ಕನ್ನಡ. ಮನಸ್ಸು ಬಿಚ್ಚಿ ಬೈಯಬೇಕಾದರೆ ತೆಲುಗು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

"ಕೊನೇಲಿ ಏನಂದೆ ಗೊತ್ತಾ?" ಅಂದರು ಅತ್ತೆ. "ನಿನ್ ಚಂದ್ರಿಕೆ ನೀನೇ ಇಟ್ಕೋ. ನನ್ ಹುಳ ನಿನ್ ಮನೆ ಬಾಗಿಲಿಗೇ ಗೂಡು ಕಟ್ತವೆ, ನೀನು ಒಳಗೇ ಬಿದ್ದಿರು ಅಂದೆ. ಉಸಿರೆತ್ತಲಿಲ್ಲ."

ಎಷ್ಟು ಸಲ ಕೇಳಿದರೂ ಹೀಗೇ. ಬೆಳಿಗ್ಗೆಯಿಂದ ಶುರುವಾಗುವುದು, ಬಾಗಿಲಿಗೆ ಗೂಡು ಕಟ್ಟಿಸಿ ಮುಗಿಯುವುದು. ಗಂಡನನ್ನು ಕೇಳಿದರೆ ಅವರಿಗೆ ನೆನಪಿದ್ದದ್ದು ಒಂದೇ, ಚಿಕ್ಕತ್ತೆ ಅವರನ್ನು ಚಂದ್ರಿಕೆ ಹಿಡಿಯಲೂ ಬಾರದವನು ಅಂದದ್ದು. ನನಗೆ ಸ್ಪಷ್ಟವಾಗಿ ನೆನಪಿದ್ದದ್ದು, ಸೊಸೆಯಾದರೆ ನಿನ್ನ ಸೊಸೆ ಥರ ಇರಬೇಕು ಅಂತ ಚಿಕ್ಕತ್ತೆ ಜಗಳದ ನಡುವೆ ಒಂದು ಮಾತು ಸೇರಿಸಿದ್ದು. ಅಂಥ ಮಾತೇ ಬರಲಿಲ್ಲ ಅಂತ ಅತ್ತೆ ಸಾಧಿಸಿದರು. ಬಂದಿತ್ತು.

ಆವಾಗ ನನಗೆ ಇಲಿ ನೆನಪಾಯಿತು. ಅತ್ತೆಯ ತಲೆ ತನಗೆ ಸಿಹಿಯಾದದ್ದನ್ನು ಆರಿಸಿ ದಿನಾ ಓಡಿಸಿಕೊಳ್ಳುತ್ತಿದೆ. ಬಳೆ ಇಡುವುದು ಪ್ರತಿ ಬೆಳೆಯಲ್ಲೂ ಮಾಡುವ ಸಪ್ಪೆ ಕೆಲಸ. ಅದರ ಜಾಗದಲ್ಲಿ ಹಳೆಯ ಯಾವುದೋ ಬೆಳೆಯ ರಾಗಿ ಡ್ರಮ್ಮು ಬಂದು ಕೂತಿದೆ. ಸಿಹಿ ಸಿಕ್ಕ ಜಾಗದಿಂದ ಹಿಂದಕ್ಕೆ ನಡೆಸಿದರೆ ದಾರಿಯಲ್ಲಿ ಬಳೆ ಸಿಕ್ಕರೂ ಸಿಕ್ಕೀತು ಅಂತ ನನ್ನ ಲೆಕ್ಕ. ಇಲಿಯ ವಿಚಾರ ಮನುಷ್ಯರಿಗೆ, ಅದರಲ್ಲೂ ನನ್ನ ಅತ್ತೆಗೆ, ಹೀಗೆ ನೇರವಾಗಿ ಅನ್ವಯಿಸುತ್ತದೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ಸೋಮವಾರ ಹತ್ತಿರ ಬರುತ್ತಿತ್ತು.

ಅತ್ತೆಗೆ ವಿವರಿಸಿದೆ. ತಲೆಯೊಳಗಿನ ಕಡಲಕುದುರೆಯನ್ನೂ ಸೇರಿಸಿ.

"ತಲೇಲಿ ಕುದುರೆ ಐತಾ?"

"ಎಲ್ಲರಿಗೂ ಇದೆ ಅತ್ತೆ. ಎರಡೂ ಕಡೆ ಒಂದೊಂದು."

"ನಿನ್ ಗಂಡಂಗೂ?"

"ಇದೆ."

"ಕಟ್ಟಾಕಿರ್ಬೇಕು," ಅಂದರು. ಬಹಳ ಹೊತ್ತಿನ ಮೇಲೆ ಮೊದಲ ಸಲ ಅವರ ಮುಖ ಸಡಿಲವಾಯಿತು.

ಜಗಳ ಒಬ್ಬರಿಂದ ಆಗುವುದಿಲ್ಲವಲ್ಲ. ಭಾನುವಾರ ಮಧ್ಯಾಹ್ನ ನಾನು ಗೋಡೆಯಾಚೆ ಹೋಗಿ ಚಿಕ್ಕತ್ತೆಯನ್ನು ಕರೆದೆ. ಬಳೆ ವಿಷಯ ಅವರಿಗಾಗಲೇ ಗೊತ್ತಿತ್ತು. "ನಾನ್ಯಾಕೆ ಬರ್ಲಿ? ಬಂದ್ರೆ ನಾನೇ ಎತ್ತಿದೀನಿ ಅಂತಾಳೆ," ಅಂದರು. "ನೀವು ಬರದಿದ್ರೆ ಜಗಳ ಗೆದ್ದೋರು ಅತ್ತೆ ಅಂತಾಗತ್ತೆ ಚಿಕ್ಕತ್ತೆ," ಅಂದೆ. ತಲೆ ಬಾಚಿಕೊಂಡು, ಸೀರೆ ಬದಲಾಯಿಸಿಕೊಂಡು ನನಗಿಂತ ಮುಂಚೆ ನಮ್ಮ ಮನೆ ಸೇರಿದ್ದರು.

ಇಬ್ಬರನ್ನೂ ಅವತ್ತು ನಿಂತಿದ್ದ ಜಾಗದಲ್ಲೇ, ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿದೆ. ಅತ್ತೆ ತಮ್ಮ ಬಾಗಿಲಿನ ಮಾತು ಹೇಳಿದರು. ನಾನು "ಇದು ಕೊನೇದು, ಇದಕ್ಕೆ ಮುಂಚೆ ಏನಾಯ್ತು?" ಅಂದೆ.

"ಅದೆಲ್ಲಿ ಕೊನೇದು?" ಅಂದರು ಚಿಕ್ಕತ್ತೆ. "ಕೊನೇ ಮಾತು ನಂದು. ಕಟ್ಟಲಿ ಬಿಡಕ್ಕ, ನಿನ್ ಬಾಯಿಗಿಂತ ನಿನ್ ಹುಳದ ಬಾಯೇ ವಾಸಿ, ರೇಷ್ಮೆನಾದ್ರೂ ಬಿಡ್ತದೆ ಅಂದೆ."

"ಯಾವಾಗ ಅಂದೆ?"

"ಅಂದೆ. ನೀನು ಒಳಗೋಗ್ಬಿಟ್ಟಿದ್ದೆ."

"ನಾನ್ ಒಳಗೋದ್ಮೇಲೆ ಅಂದಿದ್ದು ಲೆಕ್ಕಕ್ಕಿಲ್ಲ ಕಣೇ."

ಆದರೆ ಅತ್ತೆಗೆ ನಗು ಬಂದುಬಿಟ್ಟಿತ್ತು. ಸೆರಗು ಬಾಯಿಗಿಟ್ಟುಕೊಂಡರು. ಚಿಕ್ಕತ್ತೆಯೂ ನಕ್ಕರು. ಈ ಮಾತು ಅವರು ಎಷ್ಟು ದಿನದಿಂದ ಒಬ್ಬರೇ ಅಂದುಕೊಂಡು ಖುಷಿಪಟ್ಟಿದ್ದರೋ, ಈಗ ಅದನ್ನು ಕೇಳಬೇಕಾದವರೇ ಕೇಳಿದ್ದರು. ನನ್ನ ಗಂಡ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತ, "ಇದೇನ್ ನಾಟಕಾನೋ," ಅಂದರು.

ಹಿಂದಕ್ಕೆ ನಡೆಸಿದೆ. ಬಾಗಿಲಿನ ಮಾತಿಗೆ ಮುಂಚೆ, ನನ್ನ ಗಂಡನಿಗೆ ಚಂದ್ರಿಕೆ ಹಿಡಿಯಲು ಬಾರದು ಅನ್ನುವ ಮಾತು. ಅದಕ್ಕೆ ಮುಂಚೆ ನನ್ನನ್ನು ಹೊಗಳಿದ ಮಾತು. ಚಿಕ್ಕತ್ತೆ ಅದನ್ನು ಒಪ್ಪಿಕೊಂಡರು, ನಾನು ಅತ್ತೆಯ ಮುಖ ನೋಡಿದೆ. ಅದಕ್ಕೆ ಮುಂಚೆ ತೊಳೆಯದ ಚಂದ್ರಿಕೆಯ ದೂರು.

"ಅದಕ್ಕೆ ಮುಂಚೆ?"

"ಮುಂಚೆ ಏನಿಲ್ಲ. ಅಲ್ಲೇ ಶುರು," ಅಂದರು ಅತ್ತೆ.

ಚಿಕ್ಕತ್ತೆ ಒಗೆಯುವ ಕಲ್ಲಿನ ಕಡೆ ನೋಡಿದರು. ಆಮೇಲೆ ನಿಧಾನಕ್ಕೆ, "ಅಲ್ಲಕ್ಕ, ಅದಕ್ಕೂ ಮುಂಚೆ ನಾನು ಬಂದಾಗ ನೀನಿಲ್ಲಿ ಕಲ್ಲಿನತ್ರ ಕೂತಿದ್ದೆ. ಕೈಗೆ ಸೋಪು ಹಚ್ಕೊಂಡು ಬಳೆ ಎಳೀತಿದ್ದೆ. ಬರ್ತಿರ್ಲಿಲ್ಲ. ಮೈ ಬಂದೈತೆ ಕಣಕ್ಕ ನಿಂಗೆ, ಬಳೆ ಇನ್ನು ಕುಯ್ಯಿಸ್ಬೇಕು ಅಂದೆ," ಅಂದರು.

ಅತ್ತೆಯ ನಗು ನಿಂತಿತು. "ಹೌದು. ಅಂದೆ. ಅದ್ಕೇ ನಂಗೆ ಮೈಯೆಲ್ಲ ಉರಿದಿದ್ದು."

ಜಗಳ ಚಂದ್ರಿಕೆಯದಾಗಿರಲೇ ಇಲ್ಲ. ದಪ್ಪಗಾಗಿದ್ದೀಯ ಅಂದದ್ದು ಮರ್ಯಾದೆಯ ಪ್ರಶ್ನೆ, ಅದನ್ನು ಊರ ಮುಂದೆ ಹೇಳಿಕೊಳ್ಳಲು ಆಗುವುದಿಲ್ಲ. ಚಂದ್ರಿಕೆಯಾದರೆ ಹೇಳಿಕೊಳ್ಳಬಹುದು. ಹಾಗಾಗಿ ಇಬ್ಬರೂ ಶುರುವನ್ನು ಬಿಟ್ಟು ಮುಂದಿನದನ್ನು ಮಾತ್ರ ಇಟ್ಟುಕೊಂಡಿದ್ದರು. ಸೋಪು, ಬಳೆ, ಡಬ್ಬಿ ಎಲ್ಲವೂ ಆ ಶುರುವಿನಲ್ಲೇ ಇದ್ದವು.

"ಬಳೆ ಬಂತಾ ಅತ್ತೆ?"

"ಬಂತು. ಡಬ್ಬಿಗಾಕ್ದೆ. ಮುಚ್ಚಳ ಮುಚ್ದೆ." ಅತ್ತೆ ತಮ್ಮ ಬರಿಗೈಗಳನ್ನೇ ನೋಡಿಕೊಳ್ಳುತ್ತ ನಿಂತರು. "ಕೈಯೆಲ್ಲ ಸೋಪಿತ್ತು. ಜಾರ್ತಿತ್ತು. ಅದಕ್ಕೆ..." ಅಲ್ಲಿಗೆ ನಿಂತುಹೋಯಿತು. "ಅದಕ್ಕೆ ಏನ್ ಮಾಡ್ದೆ? ಬರ್ತಾಯಿಲ್ಲ ಕಣಮ್ಮ. ಬರ್ತಾನೇ ಇಲ್ಲ."

"ನೀನೇ ನಿನ್ ಮಗನ ಕೈಗೆ ಕೊಟ್ಟೆ," ಅಂದರು ಚಿಕ್ಕತ್ತೆ. "ಇದನ್ನ ಒಳಗಿಟ್ಬಿಡಪ್ಪ ಅಂದೆ. ಇವನು ಫೋನ್ ನೋಡ್ತಾನೇ ಈಸ್ಕೊಂಡು ಒಳಗೋದ. ನಾನೇ ನೋಡ್ದೆ."

ಎಲ್ಲರೂ ಮೆಟ್ಟಿಲ ಕಡೆ ತಿರುಗಿದೆವು. ನನ್ನ ಗಂಡ ಫೋನಿನಿಂದ ತಲೆ ಎತ್ತಿದರು.

"ನಂಗೆ ಯಾರೂ ಏನೂ ಕೊಟ್ಟಿಲ್ಲ," ಅಂದರು. "ಕೊಟ್ಟಿದ್ರೆ ನೆನಪಿರ್ತಿರ್ಲಿಲ್ವಾ?"

ಅವರ ಮುಖದಲ್ಲಿ ಕಪಟವಿರಲಿಲ್ಲ. ಅವರ ತಲೆಯಲ್ಲಿ ಅದು ನಿಜವಾಗಿಯೂ ಇರಲಿಲ್ಲ. ನಾನು ಒಂದು ಖಾಲಿ ಡಬ್ಬಿ ತಂದು ಅವರ ಎಡಗೈಗೆ ಕೊಟ್ಟೆ, ಬಲಗೈಯಲ್ಲಿ ಫೋನ್ ಇದ್ದೇ ಇತ್ತು. "ಏಳಿ. ಹಂಗೇ ನೋಡ್ತಾ ಒಳಗೆ ಹೋಗಿ. ಏನೂ ಯೋಚ್ನೆ ಮಾಡಬೇಡಿ. ಅದು ನಿಮಗೆ ಕಷ್ಟ ಆಗಲ್ಲ," ಅಂದೆ.

ಗೊಣಗಿಕೊಂಡು ಎದ್ದರು. ನಾವು ಮೂವರೂ ಹಿಂದೆ. ಹಜಾರ ದಾಟಿದರು. ರಾಗಿ ಡ್ರಮ್ಮಿನ ಕಡೆ ತಿರುಗಲೂ ಇಲ್ಲ. ಕಾಲು ಸೀದಾ ಅಡುಗೆಮನೆಗೆ ಹೋಯಿತು, ಏಕೆಂದರೆ ಹಿತ್ತಿಲಿಂದ ಒಳಗೆ ಬಂದ ನನ್ನ ಗಂಡ ತಣ್ಣೀರು ಕುಡಿಯದೆ ಇದ್ದದ್ದು ನಾನು ಕಂಡಿಲ್ಲ. ಫೋನ್ ಕೈಯ ಬೆರಳಿಂದಲೇ ಫ್ರಿಡ್ಜ್ ಬಾಗಿಲು ಎಳೆದರು. ಬಾಟಲಿ ತೆಗೆಯಲು ಎಡಗೈ ಖಾಲಿ ಆಗಬೇಕಲ್ಲ, ಡಬ್ಬಿಯನ್ನು ಮೇಲಿನ ತಟ್ಟೆಯಲ್ಲಿ ದೋಸೆಹಿಟ್ಟಿನ ಪಾತ್ರೆಯ ಪಕ್ಕ ಇಟ್ಟರು. ಅದು ಅಲ್ಲಿದ್ದ ಇನ್ನೊಂದು ಡಬ್ಬಿಗೆ ತಗುಲಿ ಟಣ್ ಅಂತು.

ಆ ಡಬ್ಬಿಯನ್ನು ನಾನು ದಿನಾ ನೋಡಿದ್ದೆ. ಅತ್ತೆಯ ಹಳೇ ಗೊಜ್ಜು ಇರಬೇಕು, ಇಟ್ಟವರೇ ತೆಗೆಯಲಿ, ನಾನ್ಯಾಕೆ ಪ್ರತಿ ಸಲ ತೊಳೆಯಬೇಕು ಅಂತ ಹಠದಿಂದ ಮುಟ್ಟಿರಲಿಲ್ಲ. ಅತ್ತೆಯೂ ದಿನಾ ನೋಡಿದ್ದರಂತೆ. "ನಿನ್ ಹಳಸಿದ ಚಟ್ನಿ ಅಂದ್ಕೊಂಡೆ ಕಣಮ್ಮ, ಏನಾದ್ರೂ ಅಂದ್ರೆ ಬೇಜಾರ್ ಮಾಡ್ಕೊಂತೀಯ ಅಂತ ಸುಮ್ನಿದ್ದೆ." ಇಷ್ಟೊಂದು ಹೊಂದಾಣಿಕೆ ಇರುವ ಅತ್ತೆ ಸೊಸೆಯರು ಸುತ್ತಮುತ್ತ ಎಲ್ಲೂ ಸಿಗಲಿಕ್ಕಿಲ್ಲ.

ಮುಚ್ಚಳ ತೆಗೆದರೆ ಬಳೆಗಳು ಮಂಜಿನಷ್ಟು ತಣ್ಣಗಿದ್ದವು. ಅತ್ತೆ ಅವನ್ನು ಸೆರಗಿನಲ್ಲಿ ಒರೆಸಿ, ಕೆನ್ನೆಗೆ ಒತ್ತಿಕೊಂಡು ಅತ್ತರು. ಚಿಕ್ಕತ್ತೆ ಅವರ ಬೆನ್ನು ಸವರಿ, "ಸೋಪ್ ತರ್ಲಾ ಅಕ್ಕ, ಹಾಕ್ಕೊಳಕ್ಕೆ?" ಅಂದರು. ಅತ್ತೆ ಅಳುತ್ತಲೇ ತೆಲುಗಿನಲ್ಲಿ ಬೈದರು. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ನನ್ನ ಗಂಡ ಬಾಟಲಿ ಹಿಡಿದುಕೊಂಡೇ ನಿಂತಿದ್ದರು. "ಸರಿ, ನಾಳೆ ಡಾಕ್ಟ್ರಿಗೆ ಬರಲ್ಲ ಅಂತ ಫೋನ್ ಮಾಡ್ತೀನಿ," ಅಂದರು.

"ಯಾಕಪ್ಪ?" ಅಂದರು ಅತ್ತೆ ಕಣ್ಣೊರೆಸಿಕೊಂಡು. "ತಗೊಂಡಿದ್ದು ತಗೊಂಡಾಯ್ತು. ಹೋಗಣ."

ಸೋಮವಾರ ಹೋದೆವು. ಹಿಂದಿನ ದಿನ ಸ್ಕಂದಗಿರಿ ಹತ್ತಿ ಕಾಲು ಉಳುಕಿಸಿಕೊಂಡ ಒಬ್ಬ ಹುಡುಗ ದಾರಿ ತಪ್ಪಿ ನರದ ಡಾಕ್ಟರ ಬಾಗಿಲಲ್ಲಿ ಕೂತಿದ್ದ. ಅವನಿಗೆ ಮೂಳೆ ಡಾಕ್ಟರ ದಾರಿ ತೋರಿಸಿ ಅತ್ತೆ ಒಳಗೆ ನಡೆದರು, ಕುರ್ಚಿಯ ಮೇಲೆ ಕೂರುವ ಮುಂಚೆಯೇ ಹೇಳಿದರು. "ಡಾಕ್ಟ್ರೇ, ನನ್ ಜೊತೆ ನನ್ ಮಗನ್ನೂ ನೋಡ್ಬಿಡಿ. ಚಿನ್ನ ಫ್ರಿಡ್ಜಲ್ಲಿಟ್ಟು ಅವ್ರಮ್ಮನ್ನ ಕರ್ಕೊಂಬಂದವ್ನೆ."

ಡಾಕ್ಟರು ಒಳ್ಳೆಯವರು. ಕಥೆ ಪೂರ್ತಿ ಕೇಳಿ ಇಬ್ಬರಿಗೂ ಮೂರು ಪದ ಹೇಳಿದರು. ಕೊಡೆ, ಹಸು, ಮೆಣಸಿನಕಾಯಿ. ಬೇರೆ ಏನೇನೋ ಕೇಳಿ, ಚಿತ್ರ ಬರೆಸಿ, ಆಮೇಲೆ ಆ ಪದಗಳನ್ನು ಕೇಳಿದರು. ನನ್ನ ಗಂಡ "ಹಸು, ಮೆಣಸಿನಕಾಯಿ" ಅಂದು ಚಾವಣಿ ನೋಡಿದರು.

"ಕೊಡೆ ಬಿಟ್ಟ ನೋಡಿ," ಅಂದರು ಅತ್ತೆ.

ಅಮ್ಮನ ವಯಸ್ಸಿಗೆ ಇದು ಚೆನ್ನಾಗಿದೆ, ವರ್ಷಕ್ಕೊಮ್ಮೆ ಬಂದು ತೋರಿಸಿ, ಕೆಲಸ ಬಿಡಿಸುವ ಅಗತ್ಯ ಕಾಣುವುದಿಲ್ಲ ಅಂದರು ಡಾಕ್ಟರು. ನನ್ನ ಗಂಡನಿಗೆ, "ಫೋನ್ ನೋಡ್ತಾ ಕೈ ಚಾಚಿದ್ರೆ ಏನು ಈಸ್ಕೊಂಡ್ರಿ ಅನ್ನೋದು ತಲೆಗೆ ಹೋಗೋದೇ ಇಲ್ಲ ಸಾರ್. ಹೋಗದೆ ಇರೋದನ್ನ ಅದು ವಾಪಸ್ ಹೆಂಗೆ ಕೊಡತ್ತೆ?" ಅಂದರು. ನನ್ನ ಗಂಡ ಹೂಂ ಅಂದರು. ಹೊರಗೆ ಬಂದ ಮೇಲೆ, "ಮುಂದಿನ ಬೆಳೆಗೆ ಹೊಸಾ ಚಂದ್ರಿಕೆ ತಗೊಳಣಮ್ಮ. ಎರವಲು ಬೇಡ," ಅಂದರು. ಅವರು ಕ್ಷಮೆ ಕೇಳುವ ರೀತಿ ಅದು. ಅತ್ತೆ ತಲೆಯಾಡಿಸಿದರು.

ವಾಪಸ್ ಬರುವಾಗ ಗಂಡ ಕಾರು ಓಡಿಸುತ್ತಿದ್ದರು, ನಾವಿಬ್ಬರೂ ಹಿಂದಿನ ಸೀಟಿನಲ್ಲಿದ್ದೆವು. ರಸ್ತೆಯ ಎರಡು ಕಡೆ ದ್ರಾಕ್ಷಿ ಚಪ್ಪರ ಮುಗಿದು ಹಿಪ್ಪುನೇರಳೆ ತೋಟ ಶುರುವಾದಾಗ ಅತ್ತೆ ಮೆಲ್ಲಗೆ ಹೇಳಿದರು. "ಭಯ ಆಗಿತ್ತು ಕಣಮ್ಮ. ಬಳೆಗಲ್ಲ. ಇವನು ಮರೆವು ಅಂದಾಗಿಂದ ಮಲಗಿದ್ರೆ ಸಾಕು, ಹಳೇದನ್ನೆಲ್ಲ ಒಂದೊಂದೇ ತೆಗ್ದು ನೋಡ್ತಿದ್ದೆ. ಯಾವ್ದಾದ್ರೂ ಕಾಣೆ ಆಗೈತಾ ಅಂತ."

"ಎಲ್ಲಾ ಇತ್ತಾ ಅತ್ತೆ?"

"ಇತ್ತು. ಮೊದಲ್ನೇ ಬೆಳೆ ಇತ್ತು. ನಿಮ್ಮಾವ ಬಳೆ ತಂದಿದ್ದು ಇತ್ತು. ನೀನು ಬಂದ ವಾರ ಉಪ್ಪಿಲ್ದಿರೋ ಸಾರು ಮಾಡಿದ್ಯಲ್ಲ, ಅದೂ ಇತ್ತು."

ಮುಂದೆ ಕೂತವರ ಹೆಗಲು ನಗುವಿನಿಂದ ಅಲ್ಲಾಡಿತು. ನನ್ನ ಕಿವಿ ಬಿಸಿಯಾಯಿತು. ಈ ಮುದುಕಿಯ ನೆನಪಿಗಾಗಿ ನಾನು ಇಷ್ಟೆಲ್ಲ ಹೋರಾಡಿದೆನಲ್ಲ ಅಂತ ಸಿಟ್ಟೂ ಬಂತು.

"ನಿಮ್ಮಾವ ಅವತ್ತು ಮತ್ತೆ ಮತ್ತೆ ಹಾಕಿಸ್ಕೊಂಡ್ರು," ಅಂದರು ಅತ್ತೆ ಕಿಟಕಿಯಾಚೆ ನೋಡುತ್ತ. "ಅವರಿಗೆ ಸಾರೇ ಸೇರ್ತಿರ್ಲಿಲ್ಲ. ಮೊದಲ್ನೇ ತುತ್ತಿಗೇ, ನೀನು ಒಳಗೋಗಿದ್ದಾಗ, ಹುಡ್ಗಿ ಅಳಬಾರ್ದು, ಯಾರೂ ಬಾಯ್ಬಿಡಬೇಡಿ ಅಂತ ಎಲ್ರಿಗೂ ಹೇಳಿದ್ರು. ಅವ್ರು ಹಾಕಿಸ್ಕೊಂಡಿದ್ದು ನಿಂಗೆ ನೆನಪಿಲ್ವಾ?"

ನನಗೆ ನೆನಪಿರಲಿಲ್ಲ.